ಎಡಪುಟದಲ್ಲಿ ಹೊಟ್ಟೆ, ಬಲಪುಟದಲ್ಲಿ ಕರುಳು

ಗದಗದ ಕಡೆ ‘ಊಟ ಆಯಿತೇ’ ಎಂದು ಯಾರಾದರೂ ಕೇಳಿದರೆ ರೊಟ್ಟಿ ತಿಂದೆಯಾ ಎಂದೇ ಅರ್ಥ. ಅನ್ನವೇನಿದ್ದರೂ ಕೊನೆಗೆ ಮಜ್ಜಿಗೆ ಹಾಕಿಕೊಂಡು ಉಣ್ಣುವ ಎರಡು ತುತ್ತು. ಬೆಳಿಗ್ಗೆ ಬಿಸಿ ರೊಟ್ಟಿ, ರಾತ್ರಿ ಕಟಕ ರೊಟ್ಟಿ, ಜೊತೆಗೆ ಎಣಗಾಯಿ, ಮಡಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಕಡಿದುಕೊಳ್ಳಲು ಹಸಿ ಉಳ್ಳಾಗಡ್ಡಿ, ಮೂಲಂಗಿ, ಎಳೆ ಮೆಂತ್ಯೆ. ಮೂವತ್ತನಾಲ್ಕು ವರ್ಷ ಇದನ್ನೇ ಉಂಡು ಬೆಳೆದವನು ನಾನು. 2017ರಲ್ಲಿ ನನಗೆ ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇದೆ ಎಂದು ಖಚಿತವಾದ ದಿನ ಡಾಕ್ಟರನ್ನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಸರ್, ರೊಟ್ಟಿ ತಿನ್ನಬಹುದೇ?’

‘ಈಗ ಬೇಡ, ಮುಂದೆ ನೋಡೋಣ’ ಎಂದರು. ಆ ‘ಮುಂದೆ’ ಬರಲು ನಾಲ್ಕು ವರ್ಷ ಹಿಡಿಯಿತು.

ಕಾಯಿಲೆ ಶುರುವಾದದ್ದು ಅದಕ್ಕೂ ಎರಡು ವರ್ಷ ಮೊದಲು. ಊಟವಾದ ಒಂದು ಗಂಟೆಗೆ ಹೊಕ್ಕುಳಿನ ಬಲಕ್ಕೆ, ಸ್ವಲ್ಪ ಕೆಳಗೆ, ಯಾರೋ ಬಟ್ಟೆ ಹಿಂಡಿದ ಹಾಗೆ ನೋವು ಬರುತ್ತಿತ್ತು. ದಿನಕ್ಕೆ ಐದಾರು ಬಾರಿ ಭೇದಿ. ಸಂಜೆಯಾದರೆ ಸಣ್ಣ ಜ್ವರ. ನಾನು ಪ್ರೌಢಶಾಲೆಯ ಗಣಿತ ಶಿಕ್ಷಕ. ನಲವತ್ತು ನಿಮಿಷದ ಒಂದು ಪಿರಿಯಡ್ ಪೂರ್ತಿ ನಿಂತು ಪಾಠ ಮಾಡಲು ಆಗದೆ, ಮಕ್ಕಳಿಗೆ ಲೆಕ್ಕ ಕೊಟ್ಟು ಹೊರಗೆ ಓಡುತ್ತಿದ್ದೆ. ಆಮಶಂಕೆ ಎಂದು ಮಾತ್ರೆ ನುಂಗಿದೆ, ಜಂತುಹುಳು ಎಂದು ನುಂಗಿದೆ, ಮೂಲವ್ಯಾಧಿ ಎಂದು ಲೇಹ್ಯ ತಿಂದೆ. ಮೊಣಕಾಲು ಊದಿಕೊಂಡಾಗ ಔಷಧದ ಅಂಗಡಿಯಿಂದ ನೋವಿನ ಮಾತ್ರೆ ತಂದು ವಾರಗಟ್ಟಲೆ ನುಂಗಿದೆ. ಆ ಕೀಲುನೋವು ಕರುಳಿನ ಕಾಯಿಲೆಯದೇ ಇನ್ನೊಂದು ಮುಖ ಎಂದಾಗಲಿ, ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳು ಇಂಥ ಕರುಳನ್ನು ಮತ್ತಷ್ಟು ಕೆಣಕಬಲ್ಲವು ಎಂದಾಗಲಿ ಆಗ ನನಗೆ ಗೊತ್ತಿರಲಿಲ್ಲ. ಅರವತ್ತಾರು ಕಿಲೋ ಇದ್ದವನು ಐವತ್ತೊಂದಕ್ಕೆ ಇಳಿದೆ. ಹಿಮೋಗ್ಲೋಬಿನ್ 8.6.

ಹುಬ್ಬಳ್ಳಿಯಲ್ಲಿ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿದಾಗ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಹುಣ್ಣುಗಳು ಕಂಡವು. ನಮ್ಮ ದೇಶದಲ್ಲಿ ಆ ಜಾಗದ ಹುಣ್ಣು ಎಂದರೆ ಎರಡು ಅನುಮಾನ: ಕರುಳಿನ ಟಿಬಿ ಅಥವಾ ಕ್ರೋನ್ಸ್. ನೋಡಲು ಎರಡೂ ಒಂದೇ ತರಹ. ಕತ್ತರಿಸಿ ತೆಗೆದ ಚೂರಿನ ವರದಿಯೂ ಸ್ಪಷ್ಟವಾಗಿ ಹೇಳಲಿಲ್ಲ. ಟಿಬಿ ಇದ್ದವನಿಗೆ ಕ್ರೋನ್ಸ್ ಎಂದು ದೇಹದ ರಕ್ಷಣಾ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಹೆಚ್ಚಿ ಅಪಾಯ, ಆದ್ದರಿಂದ ಮೊದಲು ಟಿಬಿ ಔಷಧವನ್ನೇ ಕೊಟ್ಟು ನೋಡುತ್ತಾರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವ ಆ ಮಾತ್ರೆಗಳನ್ನು ಮೂರು ತಿಂಗಳು ನುಂಗಿದೆ. ಮತ್ತೆ ಕೊಲೊನೋಸ್ಕೋಪಿ. ಹುಣ್ಣುಗಳು ಇದ್ದಲ್ಲೇ ಇದ್ದವು. ಆಗ ಕ್ರೋನ್ಸ್ ಎಂದು ನಿರ್ಧಾರವಾಯಿತು.

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಮೂವರು ವೈದ್ಯರು ಈ ಕಾಯಿಲೆಯನ್ನು ವಿವರಿಸಿ ಬರೆದರು. ಅವರಲ್ಲಿ ಒಬ್ಬರಾದ ಬರಿಲ್ ಕ್ರೋನ್ ಅವರ ಹೆಸರೇ ಅದಕ್ಕೆ ಉಳಿಯಿತು. ದೇಹದ ರಕ್ಷಣಾ ಪಡೆ ತನ್ನದೇ ಕರುಳಿನ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಇದರ ಜೊತೆಗಾರ ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಅಷ್ಟೂ ಪದರಗಳನ್ನು ಸುಡಬಹುದು. ಗೋಡೆ ಹೀಗೆ ಸುಟ್ಟು, ಮಾಯ್ದು, ಮತ್ತೆ ಸುಟ್ಟು ದಪ್ಪವಾಗುತ್ತಾ ಹೋದರೆ ಒಳಗಿನ ದಾರಿ ಕಿರಿದಾಗುತ್ತದೆ. ಈ ಒಂದು ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನನಗಾದದ್ದೆಲ್ಲ ಅದರಿಂದಲೇ.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರುವಾದ ಹತ್ತೇ ದಿನಕ್ಕೆ ನೋವು ಇಳಿಯಿತು. ಅದನ್ನು ಹಂತಹಂತವಾಗಿ ಕಡಿಮೆ ಮಾಡುತ್ತಾ ರಕ್ಷಣಾ ಪಡೆಯನ್ನು ಹದ್ದುಬಸ್ತಿನಲ್ಲಿಡುವ ಅಜಥಿಯೋಪ್ರಿನ್ ಎಂಬ ಮಾತ್ರೆಗೆ ಬದಲಾಯಿಸಿದರು. ಆದರೆ ನನ್ನ ತೂಕ ಏರಲಿಲ್ಲ. ಕಾರಣ ಕಾಯಿಲೆಯಲ್ಲ, ಹೆದರಿಕೆ. ಮನೆಗೆ ಬಂದವರೆಲ್ಲ ಒಂದೊಂದು ಪದಾರ್ಥ ಬಿಡಿಸಿ ಹೋಗುತ್ತಿದ್ದರು. ಬದನೆಕಾಯಿ ನಂಜು ಎಂದು ಒಬ್ಬರು, ಮೊಸರು ಶೀತ ಎಂದು ಇನ್ನೊಬ್ಬರು, ಗೋಧಿಯೇ ವಿಷ ಎಂದು ಮತ್ತೊಬ್ಬರು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಎಲ್ಲ ಧಾನ್ಯಗಳನ್ನೂ ಬಿಡಬೇಕೆನ್ನುವ ಅಮೆರಿಕದ ಪಥ್ಯವೊಂದರ ಪಟ್ಟಿ ಕಳಿಸಿದ. ಎಲ್ಲರದೂ ಪ್ರೀತಿಯೇ. ಎಲ್ಲರ ಮಾತನ್ನೂ ಕೇಳಿ ಕೊನೆಗೆ ನನ್ನ ತಟ್ಟೆಯಲ್ಲಿ ಉಳಿದದ್ದು ಅನ್ನ ಮತ್ತು ಉಪ್ಪು. ಊಟದ ಹೊತ್ತು ಹತ್ತಿರ ಬಂದರೆ ಕೈ ತಣ್ಣಗಾಗುತ್ತಿತ್ತು. ನಲವತ್ತೊಂಬತ್ತು ಕಿಲೋಗೆ ಬಂದೆ.

ಆಗ ಹೆಂಡತಿ ನನ್ನನ್ನು ಹುಬ್ಬಳ್ಳಿಯ ಒಬ್ಬ ಆಹಾರತಜ್ಞೆಯ ಬಳಿ ಕರೆದೊಯ್ದಳು. ಅವರು ನನ್ನ ‘ಬಿಟ್ಟ ಪದಾರ್ಥಗಳ’ ಪಟ್ಟಿಯನ್ನು ಓದಿ ಮಡಚಿ ಪಕ್ಕಕ್ಕಿಟ್ಟರು. ‘ಸರ್, ಇದರಲ್ಲಿ ನಿಮ್ಮ ಹೊಟ್ಟೆ ಹೇಳಿದ್ದು ಎಷ್ಟು, ಊರವರು ಹೇಳಿದ್ದು ಎಷ್ಟು?’ ಎಂದರು. ಉತ್ತರ ನನ್ನಲ್ಲಿರಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ ಕೊಂಡು, ತಿಂದದ್ದು, ತಿಂದ ಹೊತ್ತು, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ, ಎಷ್ಟು ಬಾರಿ ಹೊರಗೆ ಹೋದೆ, ಇಷ್ಟನ್ನು ಬರೆಯಿರಿ ಎಂದರು. ಅಂಕಿಯ ಕೆಲಸ ನನಗೆ ಒಗ್ಗುವಂಥದ್ದು. ಅಂದು ರಾತ್ರಿಯೇ ಶುರು ಮಾಡಿದೆ.

ಎರಡು ತಿಂಗಳಲ್ಲಿ ಒಂದು ಚಿತ್ರ ಮೂಡಿತು. ಬದನೆಕಾಯಿ ನಿರಪರಾಧಿ. ಮೊಸರೂ ಅಷ್ಟೇ. ಆದರೆ ಹಾಲು ಕುಡಿದ ದಿನ, ಉಳ್ಳಾಗಡ್ಡಿ ಬಳ್ಳೊಳ್ಳಿ ಬಿದ್ದ ಸಾರು ಉಂಡ ದಿನ, ಹೂಕೋಸು ತಿಂದ ದಿನ ಹೊಟ್ಟೆ ಡೊಳ್ಳಿನಂತೆ ಉಬ್ಬುತ್ತಿತ್ತು. ಇವುಗಳಲ್ಲಿರುವ ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಹೀರಿಕೊಳ್ಳದೆ ಮುಂದೆ ಹೋಗಿ, ಅಲ್ಲಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತವೆ. ಆಸ್ಟ್ರೇಲಿಯಾದ ಮೊನ್ಯಾಶ್ ವಿಶ್ವವಿದ್ಯಾಲಯದವರು ಇವಕ್ಕೆ ಫಾಡ್‌ಮ್ಯಾಪ್ ಎಂಬ ಹೆಸರಿನ ಕೆಳಗೆ ಪಟ್ಟಿಯನ್ನೇ ಮಾಡಿದ್ದಾರೆ. ಹೆಂಡತಿ ಸಾರಿಗೆ ಇಂಗಿನ ಒಗ್ಗರಣೆ ಹಾಕತೊಡಗಿದಳು. ಬಳ್ಳೊಳ್ಳಿಯ ಪರಿಮಳ ಬೇಕೆನಿಸಿದ ದಿನ ಇಡೀ ಎಸಳುಗಳನ್ನು ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು, ಎಸಳನ್ನು ತೆಗೆದುಬಿಟ್ಟು, ಆ ಎಣ್ಣೆಯಲ್ಲಷ್ಟೇ ಸಾಸಿವೆ ಸಿಡಿಸುತ್ತಿದ್ದಳು. ಹೊಟ್ಟೆ ಉಬ್ಬಿಸುವ ಆ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಪರಿಮಳ ಮಾತ್ರ ಎಣ್ಣೆಗೆ ಇಳಿಯುತ್ತದೆ. ಈ ಒಂದು ಉಪಾಯದಿಂದ ನಮ್ಮ ಮನೆಯ ಸಾರಿಗೆ ಅದರ ರುಚಿ ಮರಳಿ ಬಂತು.

ಮೆತ್ತನೆಯ ಅನ್ನ, ಹೆಸರುಬೇಳೆಯ ತೊವ್ವೆ, ಸಿಪ್ಪೆ ತೆಗೆದ ಹೀರೆಕಾಯಿ, ಮೊಸರು. ನೋವಿನ ಅಂಕ ಆರರಿಂದ ಎರಡಕ್ಕೆ, ಎರಡರಿಂದ ಸೊನ್ನೆಗೆ ಇಳಿಯಿತು. ತೂಕ ಐವತ್ತೈದಾಯಿತು. 2018ರ ಆಗಸ್ಟ್ ಹೊತ್ತಿಗೆ ಸತತ ನಲವತ್ತು ದಿನ ಸೊನ್ನೆ ಬರೆದಿದ್ದೆ. ಆಗ ನಾನು ಮಾಡಿದ ತಪ್ಪನ್ನು ಇಲ್ಲಿ ಬಿಡಿಸಿ ಹೇಳಬೇಕು. ಇದೇ ತಪ್ಪನ್ನು ಮಾಡುತ್ತಿರುವ ಎಷ್ಟೋ ಜನರನ್ನು ಆಮೇಲೆ ಕಂಡಿದ್ದೇನೆ. ಊಟದಿಂದಲೇ ವಾಸಿಯಾಯಿತಲ್ಲ, ಇನ್ನೇಕೆ ಮಾತ್ರೆ ಎಂದುಕೊಂಡೆ. ಅಜಥಿಯೋಪ್ರಿನ್ ತೆಗೆದುಕೊಳ್ಳುವವರು ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಅದರ ಬೇಸರವೂ ಇತ್ತು. ಡಾಕ್ಟರಿಗೆ ಹೇಳದೆ ಮಾತ್ರೆ ನಿಲ್ಲಿಸಿದೆ. ಮನೆಯಲ್ಲೂ ಹೇಳಲಿಲ್ಲ.

2019ರ ಜನವರಿಯ ಮೊದಲ ವಾರ ಎಳ್ಳ ಅಮಾವಾಸ್ಯೆ. ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ಹೊಲದಲ್ಲಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕುಳಿತೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಮಡಕೆ ಕಾಳು, ಹಸಿ ಗಜ್ಜರಿ, ಶೇಂಗಾ ಹೋಳಿಗೆ. ಐದು ತಿಂಗಳಿಂದ ಹೊಟ್ಟೆ ಸುಮ್ಮನಿತ್ತು. ‘ಒಂದೇ ರೊಟ್ಟಿ ತಿನ್ನು ತಮ್ಮಾ, ವರ್ಷದ ಹಬ್ಬ’ ಎಂದಳು ಅವ್ವ. ಎರಡು ತಿಂದೆ. ಗಜ್ಜರಿಯನ್ನೂ ಕಡಿದೆ. ಎಷ್ಟೋ ದಿನಗಳ ಮೇಲೆ ಎಲ್ಲರ ಜೊತೆ ಕೂತು ಎಲ್ಲರ ಊಟ ಉಂಡ ಸಂತೋಷಕ್ಕೆ ಕಣ್ಣು ತುಂಬಿತ್ತು.

ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯಿತು. ಅಲೆಯಂತೆ ಏರಿ, ಒಂದು ನಿಮಿಷ ಉಸಿರು ಹಿಡಿಸಿ, ಇಳಿದು, ಮತ್ತೆ ಏರುವ ನೋವು. ಹೊಟ್ಟೆ ಕಲ್ಲಾಯಿತು. ಗಾಳಿಯೂ ಹೋಗಲಿಲ್ಲ. ಬೆಳಗಿನ ಜಾವ ಹಸಿರು ವಾಂತಿ. ಹುಬ್ಬಳ್ಳಿಗೆ ಒಯ್ದರು. ಸಿಟಿ ಸ್ಕ್ಯಾನ್‌ನಲ್ಲಿ ಸಣ್ಣ ಕರುಳಿನ ತುದಿಯಲ್ಲಿ ಸುಮಾರು ಐದು ಸೆಂಟಿಮೀಟರ್ ಉದ್ದಕ್ಕೆ ದಾರಿ ಕಿರಿದಾಗಿ, ಅದರ ಹಿಂದಿನ ಕರುಳು ಉಬ್ಬಿ ನಿಂತದ್ದು ಕಂಡಿತು. ಮೂಗಿನಲ್ಲಿ ನಳಿಕೆ, ಕೈಗೆ ಸಲೈನ್, ಬಾಯಿಗೆ ಏನೂ ಇಲ್ಲ. ಶಸ್ತ್ರಚಿಕಿತ್ಸೆಯ ವೈದ್ಯರು ದಿನಕ್ಕೆರಡು ಬಾರಿ ಬಂದು ಹೊಟ್ಟೆ ಮುಟ್ಟಿ ನೋಡುತ್ತಿದ್ದರು. ನಾಲ್ಕನೆಯ ದಿನ ಗಾಳಿ ಹೋಯಿತು. ಆ ಸದ್ದಿಗೆ ಹೆಂಡತಿ ಕೈಮುಗಿದು ಅತ್ತುಬಿಟ್ಟಳು.

ಮಾತ್ರೆ ಬಿಟ್ಟದ್ದನ್ನು ಅಲ್ಲಿಯೇ ಒಪ್ಪಿಕೊಂಡೆ. ಡಾಕ್ಟರು ಬೈಯಲಿಲ್ಲ. ಮಲದಲ್ಲಿನ ಕ್ಯಾಲ್ಪ್ರೊಟೆಕ್ಟಿನ್ ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆಯ ಫಲಿತಾಂಶ ತೋರಿಸಿದರು. ಕರುಳಿನ ಗೋಡೆಯಲ್ಲಿ ಬಿಳಿ ರಕ್ತಕಣಗಳು ಎಷ್ಟು ಜಮಾಯಿಸಿವೆ ಎಂಬುದನ್ನು ಅದು ಹೇಳುತ್ತದೆ. ಗ್ರಾಮಿಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಸಾಮಾನ್ಯ, 250 ದಾಟಿದರೆ ಒಳಗೆ ಬೆಂಕಿ ಇದೆ ಎಂದು ಅರ್ಥ. ನನ್ನದು 1150 ಇತ್ತು. ‘ನೀವು ಮೆತ್ತನೆಯದನ್ನು ತಿಂದಿರಿ, ನಾರು ಕಡಿಮೆ, ಗ್ಯಾಸ್ ಕಡಿಮೆ. ಕಿರಿದಾದ ದಾರಿಯಲ್ಲೂ ಅದು ಜಾರಿಹೋಯಿತು. ಹೊಟ್ಟೆ ದೂರು ಹೇಳಲಿಲ್ಲ. ಕರುಳು ಮಾತ್ರ ಅಷ್ಟೂ ದಿನ ಉರಿಯುತ್ತಲೇ ಇತ್ತು’ ಎಂದರು.

ನಲವತ್ತು ಸೊನ್ನೆಗಳನ್ನು ಬರೆದ ನೋಟ್‌ಬುಕ್ಕನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ತೆರೆದುಕೊಂಡು ಕೂತೆ. ಲೆಕ್ಕ ತಪ್ಪಿರಲಿಲ್ಲ. ಆದರೆ ನಾನು ಅಳೆದದ್ದು ಒಂದನ್ನು, ಅರ್ಥ ಮಾಡಿಕೊಂಡದ್ದು ಇನ್ನೊಂದನ್ನು. ಅಂದಿನಿಂದ ನೋಟ್‌ಬುಕ್ಕಿನ ಎಡಪುಟದಲ್ಲಿ ಹೊಟ್ಟೆ, ಬಲಪುಟದಲ್ಲಿ ಕರುಳು. ಎಡಕ್ಕೆ ಊಟ, ನೋವು, ತೂಕ. ಬಲಕ್ಕೆ ಕ್ಯಾಲ್ಪ್ರೊಟೆಕ್ಟಿನ್, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಮಾತ್ರೆ, ಚುಚ್ಚುಮದ್ದು. ಎಡಪುಟ ನೋಡಿ ಬಲಪುಟದ ತೀರ್ಮಾನ ಮಾಡುವುದಿಲ್ಲ.

ಕಿರಿದಾದ ಜಾಗದಲ್ಲಿ ಹೆಚ್ಚಿನ ಪಾಲು ಊತವೇ ಇದೆ, ಅದು ಇಳಿದರೆ ಕತ್ತರಿ ತಪ್ಪಬಹುದು ಎಂದು ಹದಿನೈದು ದಿನಕ್ಕೊಮ್ಮೆ ಉರಿಯೂತ ತಗ್ಗಿಸುವ ಅಡಲಿಮುಮ್ಯಾಬ್ ಚುಚ್ಚುಮದ್ದು ಶುರು ಮಾಡಿದರು. ಜೊತೆಗೆ ಆರು ವಾರ ಬರೀ ದ್ರವಾಹಾರ. ಅಗತ್ಯವಿರುವ ಪ್ರೋಟೀನು, ಕೊಬ್ಬು, ಜೀವಸತ್ವಗಳೆಲ್ಲ ಸೇರಿದ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯುವುದು, ಬೇರೇನನ್ನೂ ತಿನ್ನದಿರುವುದು. ಕ್ರೋನ್ಸ್ ಇರುವ ಮಕ್ಕಳಿಗೆ ಸ್ಟೀರಾಯ್ಡ್ ತಪ್ಪಿಸಲು ಇದನ್ನೇ ಮೊದಲ ಚಿಕಿತ್ಸೆಯಾಗಿ ಕೊಡುತ್ತಾರೆ. ದೊಡ್ಡವರು ನಡುವೆಯೇ ಬಿಟ್ಟುಬಿಡುವುದು ಹೆಚ್ಚು. ಏಕೆ ಎಂದು ನನಗೆ ಐದನೆಯ ದಿನ ತಿಳಿಯಿತು.

ಹಸಿವಿನ ಕಷ್ಟ ಅಲ್ಲ ಅದು. ದಿನಕ್ಕೆ ಎಂಟು ಲೋಟ, ಸುಮಾರು ಎರಡು ಸಾವಿರ ಕ್ಯಾಲೊರಿ, ಹೊಟ್ಟೆ ತುಂಬಿಯೇ ಇರುತ್ತಿತ್ತು. ಅಗಿಯಲು ಏನೂ ಇಲ್ಲದ ಬಾಯಿ ಅನಾಥವಾಗಿಬಿಡುತ್ತದೆ. ಶಾಲೆಯಲ್ಲಿ ಬಿಸಿಯೂಟದ ಗಂಟೆ ಹೊಡೆದರೆ ನಾನು ಗ್ರಂಥಾಲಯದ ಬಾಗಿಲು ಹಾಕಿಕೊಂಡು ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಿದ್ದೆ. ಮನೆಯಲ್ಲಿ ಅವ್ವ ನನ್ನೆದುರು ತಟ್ಟೆ ಇಟ್ಟುಕೊಳ್ಳುವುದನ್ನೇ ಬಿಟ್ಟಳು. ಹಿತ್ತಲಲ್ಲಿ ಕೂತು ಉಂಡು ಬರುತ್ತಿದ್ದಳು. ಹೆಂಡತಿ ಒಗ್ಗರಣೆಯನ್ನು ನಾನು ಶಾಲೆಗೆ ಹೋದ ಮೇಲೆ ಹಾಕುತ್ತಿದ್ದಳು. ಪುಡಿಯ ಡಬ್ಬಿಗಳಿಗೆ ನನ್ನ ಒಂದು ತಿಂಗಳ ಸಂಬಳದ ಬಹುಪಾಲು ಹೋಯಿತು. ಅದನ್ನು ಹೇಳದೆ ಹೋದರೆ ಓದುವವರಿಗೆ ಮೋಸ ಮಾಡಿದಂತೆ.

ನಲವತ್ತೆರಡನೆಯ ದಿನದ ಪರೀಕ್ಷೆಯಲ್ಲಿ ಕ್ಯಾಲ್ಪ್ರೊಟೆಕ್ಟಿನ್ 210. ತೂಕ ಮೂರು ಕಿಲೋ ಹೆಚ್ಚು. ಬಲಪುಟದಲ್ಲಿ ಮೊದಲ ಬಾರಿಗೆ ಒಂದು ಒಳ್ಳೆಯ ಅಂಕಿ ಬರೆದೆ.

ಮತ್ತೆ ಊಟ ಶುರುವಾದದ್ದು ಎರಡು ಚಮಚ ಗಂಜಿಯಿಂದ. ಹಳೆಯ ಅಕ್ಕಿಯನ್ನು ಮೂರು ಸೀಟಿ ಹೆಚ್ಚಿಗೆ ಕೂಗಿಸಿ, ಕಡೆದು, ಉಪ್ಪು ಹಾಕಿ ಹೆಂಡತಿ ಬಟ್ಟಲಲ್ಲಿ ತಂದಿಟ್ಟಳು. ಬಿಸಿ ಅನ್ನದ ವಾಸನೆಗೆ ಬಾಯಲ್ಲಿ ನೀರು ಬಂದು ಕೆನ್ನೆಯ ಒಳಗೆ ನೋವಾಯಿತು. ಆಹಾರತಜ್ಞೆ ಹಾಕಿಕೊಟ್ಟ ನಿಯಮ ಹೀಗಿತ್ತು: ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಮೂರು ದಿನ, ಆಮೇಲೆ ಮುಂದಿನದು. ಕ್ರೋನ್ಸ್‌ಗೆಂದೇ ಇಸ್ರೇಲಿನ ವೈದ್ಯರು ರೂಪಿಸಿ 2019ರಲ್ಲಿ ಅಧ್ಯಯನ ಪ್ರಕಟಿಸಿದ ಪಥ್ಯವೊಂದಿದೆ. ಅದರಲ್ಲಿ ಅರ್ಧ ಆಹಾರ ಪುಡಿಯ ದ್ರವದಿಂದ, ಅರ್ಧ ಆಯ್ದ ಪದಾರ್ಥಗಳಿಂದ. ಕೋಳಿಯ ಎದೆಮಾಂಸ, ಮೊಟ್ಟೆ, ಬಾಳೆಹಣ್ಣು, ಸೇಬು, ಆಲೂಗಡ್ಡೆ, ಅಕ್ಕಿ ಅದರ ಬೆನ್ನೆಲುಬು. ನಮ್ಮದು ಮಾಂಸ ಮೊಟ್ಟೆ ಇಲ್ಲದ ಮನೆ. ಆಹಾರತಜ್ಞೆ ಅದರ ಜಾಡನ್ನಷ್ಟೇ ಹಿಡಿದು, ಪ್ರೋಟೀನಿಗೆ ಹೆಸರುಬೇಳೆ, ಮೊಸರು ಸೇರಿಸಿ, ದಿನಕ್ಕೆ ಮೂರು ಲೋಟ ಪುಡಿಯನ್ನು ಮುಂದುವರಿಸಿದರು.

ಸೋರೆ, ಪಡವಲ, ಹೀರೆ, ಸಿಹಿಗುಂಬಳ ಒಂದರ ಹಿಂದೊಂದು ತೊಂದರೆಯಿಲ್ಲದೆ ದಾಟಿದವು. ಸಿಪ್ಪೆ, ಬೀಜ ತೆಗೆದು ಬೆಣ್ಣೆಯಂತೆ ಬೇಯಿಸಬೇಕು, ಅಷ್ಟೇ. ಗಜ್ಜರಿಯೂ ಬೇಯಿಸಿ ಹಿಸುಕಿದರೆ ನಿರಪಾಯ. ಹೊಲದಲ್ಲಿ ನನ್ನನ್ನು ಕೆಡವಿದ್ದು ಗಜ್ಜರಿಯಲ್ಲ, ಅದರ ಹಸಿತನ. ತೊಗರಿಬೇಳೆ ಗಟ್ಟಿಯಾಗಿ ಒಗ್ಗಲಿಲ್ಲ, ಕಟ್ಟು ಬಸಿದು ಮಾಡಿದ ಸಾರು ಒಗ್ಗಿತು. ಪೊಟ್ಟಣದ ಬಿಸ್ಕತ್ತು, ಐಸ್‌ಕ್ರೀಂ ಪೂರ್ತಿ ಬಿಟ್ಟೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 433, 466 ಎಂದಿದ್ದರೆ ಅವು ಪಾಲಿಸಾರ್ಬೇಟ್ 80 ಮತ್ತು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಎಣ್ಣೆ ನೀರು ಬೇರೆಯಾಗದಂತೆ, ದ್ರವ ಮಂದವಾಗಿರುವಂತೆ ಹಿಡಿದಿಡುವ ಇವು ಇಲಿಗಳ ಕರುಳಿನ ಲೋಳೆಪದರವನ್ನು ಹಾಳುಮಾಡಿ ಉರಿಯೂತ ತರುತ್ತವೆ ಎಂದು 2015ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ನನ್ನ ಕರುಳಿನ ಮೇಲೆ ಪರೀಕ್ಷೆ ಮಾಡಿ ನೋಡುವ ಆಸೆ ನನಗಿಲ್ಲ.

ಚಿಕ್ಕಪ್ಪನ ಮಗ ಕಳಿಸಿದ ಆ ಧಾನ್ಯವಿಲ್ಲದ ಪಥ್ಯವನ್ನು ಸಾಮಾನ್ಯ ಮೆಡಿಟರೇನಿಯನ್ ಊಟದ ಜೊತೆ ಹೋಲಿಸಿ 2021ರಲ್ಲಿ ಅಮೆರಿಕದ ಅಧ್ಯಯನವೊಂದು ಬಂತು. ಸುಮಾರು ಇನ್ನೂರು ಜನ, ಎರಡೂ ಗುಂಪಿನಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಂದಿಗೆ ಲಕ್ಷಣಗಳು ತಗ್ಗಿದವು, ಎರಡು ಪಥ್ಯಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಓದಿ ನನಗೆ ನಿರಾಳವಾಯಿತು. ಅರಿಶಿನದ ವಿಷಯವನ್ನೂ ಹಲವರು ಕೇಳುತ್ತಾರೆ. ಅದರಲ್ಲಿನ ಕರ್ಕ್ಯುಮಿನ್ ಅನ್ನು ದಿನಕ್ಕೆ ಮೂರು ಗ್ರಾಂ, ಕರುಳಿನ ಉರಿಯೂತಕ್ಕೆ ಕೊಡುವ ಮೆಸಲಮೈನ್ ಮಾತ್ರೆಯ ಜೊತೆಗೆ ಕೊಟ್ಟಾಗ ಅಲ್ಸರೇಟಿವ್ ಕೊಲೈಟಿಸ್ ಇದ್ದವರಲ್ಲಿ ಒಳ್ಳೆಯ ಫಲ ಕಂಡದ್ದು ನಿಜ. ಆದರೆ ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಹಾಲಿಗೆ ಹಾಕುವ ಒಂದು ಚಿಟಿಕೆಯಿಂದ ಆ ಲೆಕ್ಕ ಕೂಡುವುದಿಲ್ಲ. ಮಾತ್ರೆ ಬಿಡಿ ಎಂದು ಆ ಅಧ್ಯಯನ ಎಲ್ಲಿಯೂ ಹೇಳಿಲ್ಲ.

ಮತ್ತೊಂದು ಮಾತು. ನನ್ನ ಪಟ್ಟಿಯನ್ನು ನಕಲು ಮಾಡಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಾರಿನ ಮೇಲೆ ನಾನು ಕಣ್ಣಿಟ್ಟದ್ದು ನನ್ನ ಕರುಳಿನ ಆ ಐದು ಸೆಂಟಿಮೀಟರಿಗಾಗಿ. ಕಿರಿದಾದ ಜಾಗವಿಲ್ಲದವರು ಕಾಯಿಲೆ ಶಾಂತವಾಗಿರುವಾಗ ಹಣ್ಣು, ತರಕಾರಿ, ಧಾನ್ಯ ಬಿಟ್ಟು ಕೂರಬೇಕಾಗಿಲ್ಲ. ಬಿಟ್ಟರೆ ನಷ್ಟವೇ.

ಜೋಳಕ್ಕೆ ಮರಳಿದ್ದು 2020ರಲ್ಲಿ, ಅಂಬಲಿಯ ರೂಪದಲ್ಲಿ. ಅವ್ವ ಹಿಟ್ಟನ್ನು ಸಣ್ಣ ಜರಡಿಯಲ್ಲಿ ಒಮ್ಮೆ ಹಿಡಿದು, ಮತ್ತೆ ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಹಾಕಿ ಅಂಚು ಹಿಡಿದು ಅಲುಗಾಡಿಸುತ್ತಿದ್ದಳು. ತೊಳೆದು ತೊಳೆದು ನೂಲು ತೆಳುವಾದ ಆ ಬಟ್ಟೆಯಿಂದ ಪರಾತದೊಳಗೆ ಬೀಳುತ್ತಿದ್ದ ಹಿಟ್ಟು ವಿಭೂತಿಯಷ್ಟು ನುಣುಪಾಗಿತ್ತು. ಬಟ್ಟೆಯಲ್ಲಿ ಉಳಿದ ತವುಡನ್ನು ಎಮ್ಮೆಗೆ ಇಡುತ್ತಿದ್ದಳು. ಆ ನುಣುಪು ಹಿಟ್ಟಿಗೆ ಮಜ್ಜಿಗೆ ಬೆರೆಸಿ ಕಾಸಿದರೆ ಅಂಬಲಿ. ಮೊದಲು ಅರ್ಧ ಲೋಟ, ಮೂರು ದಿನ. ಆಮೇಲೆ ಒಂದು ಲೋಟ.

2021ರ ಕೊಲೊನೋಸ್ಕೋಪಿಯಲ್ಲಿ ಹುಣ್ಣುಗಳು ಮಾಯ್ದಿದ್ದವು. ಕಿರಿದಾಗಿದ್ದ ಜಾಗದ ಮೂಲಕ ಕೊಳವೆ ದಾಟಿ ಹೋಯಿತು. ಕ್ಯಾಲ್ಪ್ರೊಟೆಕ್ಟಿನ್ 90. ಡಾಕ್ಟರು ವರದಿ ಬರೆಯುತ್ತಿರುವಾಗ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದೆ. ತಲೆಯೆತ್ತಿ ನೋಡಿ, ‘ತೆಳ್ಳಗೆ, ಮೆತ್ತಗೆ, ಬಿಸಿಯಾಗಿ, ಒಂದು. ಚುಚ್ಚುಮದ್ದು ತಪ್ಪಬಾರದು’ ಎಂದರು.

ಅವ್ವ ಅಂದು ಕುದಿಯುವ ನೀರಿಗೆ ಹಿಟ್ಟು ಕಲೆಸಿ, ಎಂದಿಗಿಂತ ಹೆಚ್ಚು ಹೊತ್ತು ನಾದಿ, ಅಂಗೈ ಅಗಲದ ಒಂದು ರೊಟ್ಟಿ ಬಡಿದಳು. ಹಂಚಿನ ಮೇಲೆ ಹಾಕಿ ನೀರು ಸವರಿ, ಕೆಂಡಕ್ಕೆ ತಾಗಿಸಿದ ಕೂಡಲೇ ಅದು ಉಬ್ಬಿತು. ಮೇಲೆ ಬೆಣ್ಣೆ, ಪಕ್ಕದಲ್ಲಿ ಹೀರೆಕಾಯಿ ಪಲ್ಯ. ಒಂದೊಂದು ತುತ್ತನ್ನೂ ಮೂವತ್ತು ಬಾರಿ ಅಗಿದು ನುಂಗಿದೆ. ಅರ್ಧ ಗಂಟೆ ಹಿಡಿಯಿತು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ, ಏನೂ ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಮೂರನೆಯ ದಿನ ರಾತ್ರಿ ನಾನು ಎಡಪುಟದಲ್ಲಿ ‘ಜೋಳದ ರೊಟ್ಟಿ, ಬಿಸಿ, ಒಂದು. ನೋವು 0’ ಎಂದು ಬರೆದು ನೋಟ್‌ಬುಕ್ ಮುಚ್ಚುವುದನ್ನು ನೋಡಿಕೊಂಡೇ ಬಾಗಿಲಲ್ಲಿ ನಿಂತು ಕೇಳಿದಳು:

‘ನಾಳೆ ಒಂದು ಸ್ವಲ್ಪ ದೊಡ್ಡದು ಬಡಿಯಲೇನು ತಮ್ಮಾ?’